ಮೀಸೆ ಬೋಳಿಸಿದ ತಾರಾಮತಿ

ಮುಂಬೈಯ ಗ್ರ್ಯಾಂಟ್ ರೋಡಿನ ಹೋಟೆಲೊಂದರಲ್ಲಿ ತಿಂಗಳಿಗೆ 10 ರೂಪಾಯಿಗೆ ಅಡಿಗೆ ಮಾಡಿಕೊಂಡಿದ್ದ ಅಣ್ಣಾ ಸಾಳುಂಕೆಯ ತೆಳು ಮೈಕಟ್ಟು, ನೀಳ ಕೈಗಳು ದಾದಾಸಾಹೇಬ ಫಾಲ್ಕೆಯವರ ಕಣ್ಣಿಗೆ ಬಿದ್ದವು. 15 ರೂಪಾಯಿ ಕೊಡುತ್ತೇನೆಂದು ಒಪ್ಪಿಸಿ ಅವನನ್ನು ತಾರಾಮತಿ ಮಾಡಿದರು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆಕಂಡಾಗ ಭಾರತೀಯ ಕಥಾಚಿತ್ರದ ಮೊದಲ ನಾಯಕಿ ಒಬ್ಬ ಗಂಡಸು. ಹೆಂಗಸರು ಸಿಗಲಿಲ್ಲ, ಗಂಡಸಿಗೆ ಸೀರೆ ಉಡಿಸಿದರು ಎಂದು ನಮ್ಮ ಚಿತ್ರಚರಿತ್ರೆಗಳು ಒಂದೇ ಸಾಲಿನಲ್ಲಿ ಈ ಸಂಗತಿಯನ್ನು ಮುಗಿಸಿಬಿಡುತ್ತವೆ. ಸಾಳುಂಕೆಯನ್ನು ಹೀಗೆ ಬದಲಿ ಆಳಿನಂತೆ ಕಂಡರೆ ಅವನ ಅಭಿನಯವೂ ತಿಳಿಯುವುದಿಲ್ಲ, ಫಾಲ್ಕೆಯವರ ಪಂಥವೂ ತಿಳಿಯುವುದಿಲ್ಲ. ಅದನ್ನು ತಿಳಿಯಲು ನಮ್ಮ ಯಕ್ಷಗಾನದ ಆಟಗಳಲ್ಲಿ ದಿನಬಳಕೆಯ ಮಾತೊಂದು ನೆರವಾಗುತ್ತದೆ: ವೇಷ.

ಈ ಮಾತನ್ನು ಮುಂಬೈಯ ಚಿತ್ರಕ್ಕೆ ಹಚ್ಚಲು ಕಾರಣವಿದೆ: ಮರಾಠಿ ರಂಗಭೂಮಿಯ ಬೇರಿಗೆ ಕನ್ನಡದ ನೆಲದ ನಂಟು ಉಂಟು. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳ ಸಾಂಗ್ಲಿಯಲ್ಲಿ ಆಡಿದ ಆಟ ನೋಡಿದ ಅಲ್ಲಿನ ದೊರೆ, ಅಂಥದೇ ನಾಟಕ ಕಟ್ಟುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮುಂದೆ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಅವರ ನಾಟಕ ಕಂಪನಿಯಲ್ಲಿ ಬೆಳೆದ ಬಾಲಗಂಧರ್ವರು ಸ್ವಂತ ನಾಟಕ ಮಂಡಳಿ ತೆರೆದದ್ದು 1913ರಲ್ಲಿ, ಸಾಳುಂಕೆ ಕ್ಯಾಮೆರಾದ ಮುಂದೆ ನಿಂತ ವರ್ಷವೇ. ಇಬ್ಬರದೂ ಸ್ತ್ರೀ ಪಾರ್ಟು. ಆದರೆ ಬಾಲಗಂಧರ್ವರ ಹೆಣ್ಣು ಮೊದಲು ಹುಟ್ಟುತ್ತಿದ್ದುದು ದನಿಯಲ್ಲಿ. ಸೀರೆ, ನಡಿಗೆ, ನಾಚಿಕೆ ಎಲ್ಲವೂ ಹಾಡಿನ ಬೆನ್ನಿಗೆ ಬರುತ್ತಿದ್ದವು. ಮೂಕಿ ಚಿತ್ರ ಆ ದನಿಯನ್ನೇ ಕಿತ್ತುಕೊಂಡಿತು. ರಂಗದ ತಾಲೀಮಿಲ್ಲದ ಅಡಿಗೆಯವನಿಗೆ ಉಳಿದದ್ದು ಉಡುಗೆ, ಒಡವೆ, ತಲೆ ಬಾಗಿಸುವ ರೀತಿ, ಕೈಯ ಸನ್ನೆ.

‘ಹೆಂಗಸರು ಸಿಗಲಿಲ್ಲ’ ಎಂಬ ಮಾತು ಸುಳ್ಳಲ್ಲ. ಫಾಲ್ಕೆ ಸೂಳೆಗೇರಿಯವರೆಗೂ ಹೋಗಿ ಕೇಳಿ ಬಂದಿದ್ದರು. ಆದರೆ ಅದೇ 1913ರಲ್ಲಿ ಅವರು ಮಾಡಿದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾದರು, ಮಗಳು ಕಮಲಾ ಮೋಹಿನಿಯಾದಳು. ಅಂದರೆ ಬಾಗಿಲು ತೆರೆದಿತ್ತು. ಆಮೇಲೂ 1917ರ ‘ಲಂಕಾ ದಹನ’ದಲ್ಲಿ ಸೀತೆಯಾದದ್ದು ಸಾಳುಂಕೆ, ಸೀತೆ ಮಾತ್ರವಲ್ಲ, ರಾಮನೂ ಅವನೇ. ಕೊರತೆಯೊಂದೇ ಕಾರಣವಾಗಿದ್ದರೆ ಈ ಆಯ್ಕೆಗೆ ಅರ್ಥವಿಲ್ಲ. ಗಂಡ ಹೆಂಡಿರ ವಿರಹವೇ ಕಥೆಯ ಜೀವವಾಗಿರುವ ಚಿತ್ರದಲ್ಲಿ ಇಬ್ಬರನ್ನೂ ಒಂದೇ ಮೈಗೆ ಹೊರಿಸಿದವರು, ಪಾತ್ರ ಇರುವುದು ನಟನ ಮೈಯಲ್ಲಲ್ಲ, ಕಿರೀಟದಲ್ಲಿ, ಸೆರಗಿನಲ್ಲಿ, ನಿಲುವಿನಲ್ಲಿ ಎಂದು ನಂಬಿದ್ದಿರಬೇಕು. ಎರಡು ವರ್ಷದ ನಂತರದ ‘ಕಾಳಿಯ ಮರ್ದನ’ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ. ಅಲ್ಲಿ ಬಾಲಕೃಷ್ಣನಾದವಳು ಫಾಲ್ಕೆಯವರ ಮಗಳು ಮಂದಾಕಿನಿ. ಚಿತ್ರ ಶುರುವಾಗುವುದೇ ಆ ಹುಡುಗಿಯ ಮುಖದಿಂದ: ಒಂದೊಂದೇ ಭಾವ ಅವಳ ಮುಖದ ಮೇಲೆ ಬಂದು ಹೋಗುತ್ತದೆ, ಆಮೇಲೆ ಆ ಮುಖ ನಮ್ಮ ಕಣ್ಣೆದುರೇ ಕೃಷ್ಣವೇಷದೊಳಗೆ ಕರಗುತ್ತದೆ. ಬಣ್ಣದ ಮನೆಯಾದ ಚೌಕಿಯ ಪರದೆ ಸರಿಸಿ, ಬಣ್ಣ ಹಚ್ಚಿಕೊಳ್ಳುವುದನ್ನು ಪ್ರೇಕ್ಷಕರಿಗೆ ತೋರಿಸಿದಂತೆ. ಗಂಡು ಹೆಣ್ಣಾಗುವುದು, ಹೆಣ್ಣು ಗಂಡಾಗುವುದು ಎರಡೂ ಈ ಪಂಥದಲ್ಲಿ ಮರೆಮಾಚುವ ಸಂಗತಿಗಳಲ್ಲ.

ಈ ಪಂಥದ ಬಲ ಮತ್ತು ಬಡತನ ಎರಡೂ ಒಟ್ಟಿಗೆ ಕಾಣುವುದು ತಾರಾಮತಿಯ ಜಲಕ್ರೀಡೆಯಲ್ಲಿ. ಉಳಿದು ಬಂದಿರುವ ರೀಲುಗಳು 1913ರವೋ 1917ರ ಮರುನಿರ್ಮಾಣದವೋ ಎಂಬ ತಕರಾರು ವಿದ್ವಾಂಸರಲ್ಲಿದೆ; ಎರಡರಲ್ಲೂ ತಾರಾಮತಿ ಸಾಳುಂಕೆಯೇ ಆದ್ದರಿಂದ ನಮ್ಮ ವಾದಕ್ಕೆ ಅದು ಅಡ್ಡಿಯಲ್ಲ. ರಾಣಿ, ಸಖಿಯರು ನೀರಿನಲ್ಲಿದ್ದಾರೆ, ಹರಿಶ್ಚಂದ್ರ ಕರೆಯಲು ಬರುತ್ತಾನೆ. ಒದ್ದೆ ಸೀರೆ ಮೈಗೆ ಅಂಟಿದೆ, ಗಂಡುಮೈಯ ಕಟ್ಟು ಮುಚ್ಚುಮರೆಯಿಲ್ಲದೆ ಎದ್ದು ಕಾಣುತ್ತದೆ. ಇದು ಕಣ್ತಪ್ಪಿನಿಂದ ಆದದ್ದಲ್ಲ. ಇಡೀ ಆಳು ಕಾಣುವಷ್ಟು ದೂರದಲ್ಲಿ, ಎದುರಿಗೆ ಕ್ಯಾಮೆರಾ ಇಟ್ಟ ಫಾಲ್ಕೆಯವರಿಗೆ ಅದು ಕಂಡಿರಲೇಬೇಕು. ಆ ದೂರದಲ್ಲಿ ದೃಶ್ಯ ಒಂದು ಪಟದಂತೆ ನಿಲ್ಲುತ್ತದೆ, ಗೋಡೆಯ ಮೇಲಿನ ರವಿವರ್ಮನ ಮುದ್ರಿತ ಚಿತ್ರ ಅಲುಗಿದಂತೆ. ಆದರೆ ತಾರಾಮತಿಯ ಪಾಡು ಬರೀ ಪಟವಲ್ಲ. ಗಂಡನಿಂದಲೇ ಮಾರಾಟವಾಗಿ, ಮಗನ ಹೆಣ ಹೊತ್ತು ಮಸಣಕ್ಕೆ ಬರುವ ಹೆಂಗಸಿನ ದುಃಖ ಹತ್ತಿರದ ನೋಟವನ್ನು ಬೇಡುತ್ತದೆ. ರಂಗದಲ್ಲಿ ಆ ದೂರವನ್ನು ದನಿ ದಾಟುತ್ತಿತ್ತು. ಇಲ್ಲಿ ದಾಟುವ ಸಾಧನವೇ ಇಲ್ಲ. ಸಾಳುಂಕೆಯ ಕುಂದು ಅವನೊಬ್ಬನದಲ್ಲ, ಅವನು ನಿಂತ ಪದ್ಧತಿಯದು.

ಜನ ಒಪ್ಪಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ‘ಲಂಕಾ ದಹನ’ದ ಗಳಿಕೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂಬ ಮಾತಿದೆ, ತೆರೆಯ ಮೇಲೆ ರಾಮ ಬಂದಾಗ ಪ್ರೇಕ್ಷಕರು ಚಪ್ಪಲಿ ಬಿಡುತ್ತಿದ್ದರಂತೆ. ಆದರೆ ಚಪ್ಪಲಿ ಬಿಟ್ಟದ್ದು ದರ್ಶನಕ್ಕೆ. ದೇವರಿಗೆ ವೇಷ ಸಾಕು, ನರಮನುಷ್ಯರ ಕಥೆಗೆ ಸಾಲದು. ದನಿ ಮರಳಿ ಬಂದರೆ ಪರಂಪರೆ ಉಳಿಯುತ್ತಿತ್ತೇ ಎಂಬ ಪ್ರಶ್ನೆಗೆ ಬಾಲಗಂಧರ್ವರೇ ಉತ್ತರ. 1935ರ ‘ಧರ್ಮಾತ್ಮ’ದಲ್ಲಿ ಅವರು ಏಕನಾಥನಾಗಿ, ಗಂಡಾಗಿಯೇ ಬಂದರು, 1937ರಲ್ಲಿ ಮೀರಾಬಾಯಿಯಾದಾಗ ಹಾಡು ಇತ್ತು, ಕೀರ್ತಿ ಇತ್ತು, ಜನ ಮಾತ್ರ ಒಲಿಯಲಿಲ್ಲ. ಕ್ಯಾಮೆರಾ ಅಷ್ಟರಲ್ಲಿ ತೀರ ಹತ್ತಿರ ಬಂದಿತ್ತು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಹೆಣ್ಣನ್ನು ಹೊರಗಿಟ್ಟ ಸಮಾಜದ ಏರ್ಪಾಡಿಗೆ ಕಲೆಯ ಹೆಸರು ಕೊಡುವುದು ಸರಿಯೇ? ಸರಿಯಲ್ಲ, ಅದನ್ನು ಮುಚ್ಚಿಡಬಾರದು. ಅಪ್ಪ ಸತ್ತಾಗ ಮಾತ್ರ ಮೀಸೆ ತೆಗೆಯುವುದು ರೂಢಿಯಾಗಿದ್ದ ಕಾಲದಲ್ಲಿ ಬೋಳಿಸಲು ನಟರು ಹಿಂಜರಿದದ್ದನ್ನು ಎಲ್ಲರೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ದುರ್ಗಾಬಾಯಿ ಕಾಮತರು ಸಮಾಜಕ್ಕೆ ಎದುರಾಗಿ ನಿಂತ ಧೈರ್ಯಕ್ಕೆ ಅದರ ಅರ್ಧ ಜಾಗವನ್ನೂ ಕೊಡುವುದಿಲ್ಲ. ಮೂಕಿ ಯುಗ ಮುಗಿಯುವ ಹೊತ್ತಿಗೆ ಮೋಹನ್ ಭವನಾನಿ ‘ಮೃಚ್ಛಕಟಿಕ’ ಮಾಡಿದಾಗ ನಾಟಕಕಾರ ಕೈಲಾಸಂ ಅವರ ಜೊತೆ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದರು. ನಾಯಕಿ ವಸಂತಸೇನೆಗೆ ಗಂಡಸನ್ನು ಹುಡುಕುವ ಯೋಚನೆಯೇ ಆಗ ಯಾರಿಗೂ ಬರುವಂತಿರಲಿಲ್ಲ.

ಸಾಳುಂಕೆ ಆ ಹೊತ್ತಿಗೆ ಕೆಲಸ ಬದಲಿಸಿಯಾಗಿತ್ತು. ಸೆರಗು ಹೊದ್ದು ದೂರದಲ್ಲಿ ನಿಂತಿದ್ದವನು ಫಾಲ್ಕೆಯವರ ಬಳಗದಲ್ಲೇ ಛಾಯಾಗ್ರಾಹಕನಾಗಿ, ಕ್ಯಾಮೆರಾದ ಹಿಂದೆ ನಿಂತು, ಬೇರೆಯವರ ಮುಖಕ್ಕೆ ಬೆಳಕು ಎಲ್ಲಿಂದ ಬೀಳಬೇಕೆಂದು ನೋಡುತ್ತಿದ್ದ.