ಅಲ್‌ಬೀರೂನಿಯ ರತ್ನಗ್ರಂಥವೂ ಬಿದರಿಯ ಕಪ್ಪೂ

ಅರಬ್ಬೀ ರಸವಾದವೆಂದೊಡನೆ, ಕೀಳು ಲೋಹವನ್ನು ಚಿನ್ನವಾಗಿಸಹೊರಟ ವ್ಯರ್ಥಸಾಹಸವೊಂದೇ ಬಹುಜನರ ಕಣ್ಣಮುಂದೆ ನಿಲ್ಲುತ್ತದೆ. ವಿಜ್ಞಾನದ ಚರಿತ್ರೆಯನ್ನು ಬರೆಯುವವರಲ್ಲಿಯೂ ಹಲವರು ಇಸ್ಲಾಮೀ ಜಗತ್ತನ್ನು ಗ್ರೀಕರ ಗಂಟನ್ನು ಯೂರೋಪಿಗೆ ಹೊತ್ತು ಮುಟ್ಟಿಸಿದ ಹಮಾಲಿಯಂತೆ ಚಿತ್ರಿಸಿ ತೃಪ್ತರಾಗುತ್ತಾರೆ. ಈ ಎರಡು ಅಭಿಪ್ರಾಯಗಳೂ ಅಪೂರ್ಣವಾದುವು. ಇವನ್ನು ಒರೆಗೆ ಹಚ್ಚಲು ಬಾಗ್ದಾದಿಗಾಗಲಿ ಕೈರೋವಿಗಾಗಲಿ ಹೋಗಬೇಕಾದುದಿಲ್ಲ. ಹೈದರಾಬಾದಿನಲ್ಲಿ ಅಚ್ಚಾದ ಒಂದು ಗ್ರಂಥವೂ, ಹಿಂದೆ ಅದೇ ಸಂಸ್ಥಾನಕ್ಕೆ ಸೇರಿದ್ದ ಬೀದರಿನಲ್ಲಿ ಇಂದಿಗೂ ನಡೆಯುತ್ತಿರುವ ಒಂದು ಕಸುಬೂ ಅದಕ್ಕೆ ಸಾಕು.

ಹೈದರಾಬಾದಿನ ದಾಯಿರತುಲ್ ಮಆರಿಫ್ ಸಂಸ್ಥೆಯು 1888ರಲ್ಲಿ ಸ್ಥಾಪಿತವಾಯಿತು. ಇಮಾದುಲ್ ಮುಲ್ಕ್ ಸೈಯದ್ ಹುಸೇನ್ ಬಿಲ್ಗ್ರಾಮಿ, ಮುಲ್ಲಾ ಅಬ್ದುಲ್ ಖಯ್ಯೂಮ್, ಅನ್ವಾರುಲ್ಲಾ ಖಾನ್ ಮೊದಲಾದವರು ಅದರ ಮೂಲಪುರುಷರು. ಹಸ್ತಪ್ರತಿಗಳಲ್ಲಿ ಅಡಗಿದ್ದ ಅರಬ್ಬೀ ಗ್ರಂಥಗಳನ್ನು ಪರಿಷ್ಕರಿಸಿ ಮುದ್ರಿಸುವುದೇ ಅದರ ವ್ರತ. ಧರ್ಮಶಾಸ್ತ್ರ, ಚರಿತ್ರೆಗಳೊಡನೆ ವಿಜ್ಞಾನಕ್ಕೂ ಅಲ್ಲಿ ಸಮಾನ ಗೌರವ ದೊರೆಯಿತು. ಇಬ್ನುಲ್ ಹೈಸಮನ ಪ್ರಬಂಧಗಳು, ಅಲ್‌ಖಾಜಿನಿಯು 1121ರಲ್ಲಿ ರಚಿಸಿದ ತಕ್ಕಡಿಯ ಶಾಸ್ತ್ರ, ಅಲ್‌ರಾಜಿಯ ಬೃಹದ್ವೈದ್ಯಕೋಶ, ಅಲ್‌ಬೀರೂನಿಯ ಖಗೋಳಗ್ರಂಥ, ಇವೆಲ್ಲವೂ ಈ ನಗರದಲ್ಲಿ ಅಚ್ಚಾಗಿ ಲೋಕದ ವಿದ್ವಾಂಸರ ಕೈಸೇರಿದುವು. ಇವುಗಳ ನಡುವೆ, ಹಿಜರಿ 1355ರಲ್ಲಿ, ಅಂದರೆ 1936–37ರ ಸುಮಾರಿಗೆ, ಕ್ರೆಂಕೊ ಎಂಬ ಜರ್ಮನ್ ಪಂಡಿತನ ಸಂಪಾದನೆಯಲ್ಲಿ ಹೊರಬಂದ ಅಲ್‌ಬೀರೂನಿಯ ‘ಕಿತಾಬುಲ್ ಜಮಾಹಿರ್’ ಪ್ರಕೃತ ವಿಮರ್ಶೆಯ ವಸ್ತು.

973ರಲ್ಲಿ ಖ್ವಾರಜ್ಮಿನಲ್ಲಿ ಹುಟ್ಟಿದ ಅಲ್‌ಬೀರೂನಿಯು ತನ್ನ ಮುಪ್ಪಿನಲ್ಲಿ ಈ ಗ್ರಂಥವನ್ನು ಬರೆದು ಘಜನಿಯ ಸುಲ್ತಾನ ಮೌದೂದನಿಗೆ ಅರ್ಪಿಸಿದನು. ಮೊದಲ ಭಾಗ ರತ್ನಗಳನ್ನೂ ಎರಡನೆಯ ಭಾಗ ಲೋಹಗಳನ್ನೂ ಕುರಿತದ್ದು. ಅಲ್‌ಕಿಂದಿ, ನಸ್ರ್ ಅಲ್‌ದೀನವರಿ ಎಂಬ ಪೂರ್ವಸೂರಿಗಳನ್ನು ಅವನು ಸ್ಮರಿಸುತ್ತಾನೆ, ಆದರೆ ಕುರುಡಾಗಿ ಅನುಸರಿಸುವುದಿಲ್ಲ. ಪಚ್ಚೆಯನ್ನು ನೋಡಿದ ಹಾವಿನ ಕಣ್ಣು ಸಿಡಿದುಹೋಗುತ್ತದೆಂಬ ನಂಬಿಕೆ ಆ ಕಾಲದ ರತ್ನಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದ್ದಿತು. ಅಲ್‌ಬೀರೂನಿಯು ಹಾವಿನ ಕೊರಳಿಗೆ ಪಚ್ಚೆಯ ಹಾರವನ್ನು ತೊಡಿಸಿ, ಅದರ ಮುಂದೆ ಪಚ್ಚೆಗಳನ್ನು ಹರಡಿ, ಬೇಸಗೆ ಚಳಿಗಾಲಗಳೆನ್ನದೆ 9 ತಿಂಗಳ ಕಾಲ ಪರೀಕ್ಷಿಸಿದನು. ಹಾವಿನ ದೃಷ್ಟಿಗೆ ಯಾವ ಕುಂದೂ ಬರಲಿಲ್ಲ. ಬದಲಾಗಿ ಹರಿತವಾಗದಿದ್ದರೆ ಪುಣ್ಯ ಎಂಬಂತೆ ಅವನು ವಿನೋದದಿಂದ ಬರೆದಿರುವನು. ಈ ನಗೆಯ ಹಿಂದಿನ ಶಿಸ್ತು ಗಂಭೀರವಾದುದು. ಹತ್ತು ಮಂದಿ ಹೇಳಿದರೆಂಬುದು ಅವನಿಗೆ ಪ್ರಮಾಣವಲ್ಲ.

ಲೋಹಗಳ ವಿಷಯದಲ್ಲಿ ಅವನ ಪ್ರಮಾಣವೆಂದರೆ ತಕ್ಕಡಿ. ಪದಾರ್ಥವು ನೀರಿನಲ್ಲಿ ಮುಳುಗಿದಾಗ ಹೊರಚೆಲ್ಲುವ ನೀರನ್ನು ಹಿಡಿದು ತೂಗುವ ಪಾತ್ರೆಯೊಂದನ್ನು ರಚಿಸಿ, ಸಮಾನ ಗಾತ್ರದ ಲೋಹಗಳ ತೂಕಗಳನ್ನು ಅವನು ನಿರ್ಣಯಿಸಿದನು. ಈ ಫಲಿತಾಂಶಗಳನ್ನು ಅಲ್‌ಖಾಜಿನಿಯ ಗ್ರಂಥವೂ ಉಳಿಸಿಕೊಟ್ಟಿದೆ. ಚಿನ್ನದ ಸಾಂದ್ರತೆ ನೀರಿಗಿಂತ 19 ಮಡಿಗೂ ಮಿಗಿಲು. ಸೀಸದ್ದು 11 ಮಡಿಗೆ ತುಸು ಹೆಚ್ಚು. ಸೀಸಕ್ಕೆ ಎಷ್ಟೇ ಚೆನ್ನಾಗಿ ಹೊಂಬಣ್ಣ ಬಳಿದರೂ ಅದು ತೂಕದಲ್ಲಿ ಸಿಕ್ಕಿಬೀಳಲೇಬೇಕು. ರಸವಾದಿಯ ವಂಚನೆಗೆ ಇದಕ್ಕಿಂತ ಶಾಂತವಾದ ಉತ್ತರ ಬೇರೊಂದಿಲ್ಲ. ಭಾರತವನ್ನು ಕುರಿತ ತನ್ನ ಗ್ರಂಥದಲ್ಲಿ ಅಲ್‌ಬೀರೂನಿಯು ಸೋಮನಾಥದ ಸಮೀಪದ ನಾಗಾರ್ಜುನನನ್ನು ಹೆಸರಿಸಿ ಹಿಂದೂಗಳ ರಸಾಯನವನ್ನು ವಿವರಿಸುತ್ತಾನೆ. ಚಿನ್ನಕ್ಕಾಗಿ ಬಾಯ್ದೆರೆದ ಅರಸರ ಮೌಢ್ಯವನ್ನು ಅಲ್ಲಿಯೇ ಖಂಡಿಸುತ್ತಾನೆ. ಅವನ ಸಮಕಾಲೀನನಾದ ಇಬ್ನ್ ಸೀನಾನೂ, ಕುಶಲಿಗಳು ಲೋಹದ ಬಣ್ಣವನ್ನು ಅನುಕರಿಸಬಲ್ಲರಲ್ಲದೆ ಅದರ ಜಾತಿಯನ್ನು ಬದಲಿಸಲಾರರೆಂದು ವಾದಿಸಿದನು. ಇಸ್ಲಾಮೀ ಜಗತ್ತು ರಸವಾದಕ್ಕೆ ಮರುಳಾಗಿದ್ದಿತೆನ್ನುವವರು, ಅದರ ಅತ್ಯಂತ ತೀಕ್ಷ್ಣ ವಿಮರ್ಶಕರೂ ಅದೇ ಜಗತ್ತಿನವರೆಂಬುದನ್ನು ಮರೆಯಬಾರದು.

ಆದರೆ ಈ ಖಂಡನೆಯನ್ನೇ ಕೊನೆಯ ಮಾತೆಂದು ಹಿಡಿಯುವುದೂ ತಪ್ಪಾದೀತು. ಗುರಿ ಹುಸಿಯಾದ ಮಾತ್ರಕ್ಕೆ ದಾರಿಯಲ್ಲಿ ದೊರೆತುದೆಲ್ಲವೂ ಹುಸಿಯಾಗುವುದಿಲ್ಲ. 925ರಲ್ಲಿ ತೀರಿಕೊಂಡ ಅಲ್‌ರಾಜಿಯು ಚಿನ್ನದ ಸಾಧ್ಯತೆಯನ್ನು ನಂಬಿದವನೇ. ಆದರೂ ಅವನ ರಹಸ್ಯಗ್ರಂಥದಲ್ಲಿ ಮಂತ್ರಕ್ಕಿಂತ ಮೂಸೆಗೆ, ಒಗಟಿಗಿಂತ ಒಲೆಗೆ ಹೆಚ್ಚಿನ ಸ್ಥಾನವಿದೆ. ಬಟ್ಟಿಯಿಳಿಸುವ ಪಾತ್ರೆಗಳ ವಿವರಣೆ, ಖನಿಜಗಳ ವರ್ಗೀಕರಣ ಇವೇ ಅದರ ಜೀವಾಳ. ಬೆಂಕಿಗೆ ಹಾರಿಹೋಗುವ ದ್ರವ್ಯಗಳೆಂದು ಅವನು ಪಾದರಸ, ಗಂಧಕ, ಹರಿತಾಳಾದಿಗಳೊಡನೆ ನವಸಾಗರವನ್ನೂ ಎಣಿಸಿದನು. ಗ್ರೀಕ್ ರಸವಾದಕ್ಕೆ ಅಪರಿಚಿತವಾಗಿದ್ದ ಈ ನವಸಾಗರವು ಅರಬ್ಬೀ ಕಾರ್ಯಶಾಲೆಯ ಮುಖ್ಯ ಕೊಡುಗೆಗಳಲ್ಲೊಂದು.

ಈ ದ್ರವ್ಯವು ಇಂದಿಗೂ ಕನ್ನಡನಾಡಿನ ಬೀದರಿನಲ್ಲಿ ಕೆಲಸಮಾಡುತ್ತಿದೆ. ಬಿದರಿಯ ಕಸುಬುದಾರರು ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಗೆರೆ ಕಾಣುವಂತೆ ಮೈಲುತುತ್ತದ ನೀರು ಸವರಿ, ಉಳಿಯಿಂದ ಚಿತ್ರವನ್ನು ಕೊರೆದು, ಆ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದಾಗ, ಬೂದುಬಣ್ಣದ ಲೋಹವು ಕಾಡಿಗೆಗಪ್ಪಾಗುತ್ತದೆ. ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿಯುತ್ತದೆ. ಬರಿಯ ಸತುವಿಗೆ ಈ ಕಪ್ಪು ಹಿಡಿಯದು. ಅಲ್ಪಪ್ರಮಾಣದ ತಾಮ್ರವೇ ಅದರ ಗುಟ್ಟು. ಇಲ್ಲಿ ಲೋಹದ ಜಾತಿಯು ಬದಲಾಗಲಿಲ್ಲ, ಮೈ ಮಾತ್ರ ಬದಲಾಯಿತು. ಇಬ್ನ್ ಸೀನಾನು ಕುಶಲಿಗಳಿಗೆ ವಿಧಿಸಿದ ಎಲ್ಲೆಯೊಳಗೇ ನಿಂತು ಈ ಕಲೆಯು ಸಿದ್ಧಿಯನ್ನು ಪಡೆದಿದೆ.

ಅಲ್‌ಬೀರೂನಿಯಿಂದ ಬೀದರಿನವರೆಗೆ ನೇರವಾದ ಗೆರೆಯೊಂದನ್ನು ಎಳೆಯುವುದು ಸಲ್ಲದು. ಅವನು 11ನೆಯ ಶತಮಾನದವನು. ಬಹಮನಿಗಳ ರಾಜಧಾನಿ ಬೀದರಿಗೆ ಬಂದುದು 15ನೆಯ ಶತಮಾನದಲ್ಲಿ. ಇರಾನಿನ ಕುಶಲಿಯೊಬ್ಬನು ಈ ವಿದ್ಯೆಯನ್ನು ತಂದನೆಂಬುದು ಐತಿಹ್ಯ ಮಾತ್ರ. ಮೇಲಾಗಿ ಸತುವಿನ ಕಥೆಯು ಭಾರತದ್ದು. ಕಾಸಿದರೆ ಆವಿಯಾಗಿ ಹಾರುವ ಈ ಲೋಹವನ್ನು ಬಟ್ಟಿಯಿಳಿಸಿ ಹಿಡಿದ ಮೂಸೆಗಳ ರಾಶಿಗಳು ರಾಜಸ್ಥಾನದ ಜಾವರದಲ್ಲಿವೆ. ‘ರಸರತ್ನಸಮುಚ್ಚಯ’ದಲ್ಲಿ ಅದರ ವಿಧಾನವಿದೆ. ಆದುದರಿಂದ ಬಿದರಿಯನ್ನು ಒಂದು ಮತದ ಅಥವಾ ಒಂದು ದೇಶದ ಸೊತ್ತೆನ್ನುವುದಕ್ಕಿಂತ, ರಸಶಾಸ್ತ್ರದ ಸತುವೂ ಅರಬ್ಬರ ನವಸಾಗರವೂ ಕನ್ನಡ ಮಣ್ಣಿನಲ್ಲಿ ಕೂಡಿದ ಫಲವೆನ್ನುವುದು ಯುಕ್ತ.

ಅಲ್‌ಬೀರೂನಿಯ ಗ್ರಂಥದ ಕೊರತೆಯೂ ಇಲ್ಲಿಯೇ ಗೋಚರಿಸುತ್ತದೆ. ಸಿಂಧಿನಲ್ಲಿ ಕತ್ತಿ ಮಾಡುವ ಕಮ್ಮಾರನ ಬಳಿ ಕುಳಿತು ನೋಡಿಬಂದವನ ಮಾತನ್ನು ಅವನು ದಾಖಲಿಸುತ್ತಾನೆ. ಕಮ್ಮಾರನ ಮಾತು ಮಾತ್ರ ಕೇಳಿಸದು. ಶಾಸ್ತ್ರಜ್ಞನು ಎಷ್ಟೇ ಪ್ರಾಮಾಣಿಕನಾದರೂ ಕಸುಬಿನ ಹೊಸ್ತಿಲಲ್ಲಿಯೇ ನಿಂತುಬಿಡುತ್ತಾನೆ. ಹೈದರಾಬಾದಿನ ಪ್ರಕಟಣೆಗಳಿಗೂ ಈ ಮಾತು ಸಲ್ಲುತ್ತದೆ. ಪಾಠವನ್ನು ಉಳಿಸಿದ ಕೀರ್ತಿ ಅವಕ್ಕೆ ಅಖಂಡವಾಗಿ ಸೇರತಕ್ಕದ್ದು. ಆದರೆ ಪಾಠವು ವಿದ್ವಾಂಸರ ಕಪಾಟಿನಲ್ಲಿಯೂ, ಪಾತ್ರೆಯು ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಗಾಜಿನ ಹಿಂದೆಯೂ ಬೇರೆ ಬೇರೆಯಾಗಿ ಉಳಿದುವು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಕಸುಬು ಒಂದು ರಾಜ್ಯದ್ದೂ ಗ್ರಂಥ ಇನ್ನೊಂದರದ್ದೂ ಆಯಿತು.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೀದರಿನ ಕುಶಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇವು ಸಂತೋಷದ ಸಂಗತಿಗಳು. ಆದರೆ ಚೆಲುವಿಗೆ ಸಂದ ಮನ್ನಣೆಯು ಅರಿವಿಗೂ ಸಲ್ಲಬೇಕಾಗಿದೆ. ಕೋಟೆಯ ಮಣ್ಣನ್ನು ನಾಲಿಗೆಗೆ ತಾಗಿಸಿ ಅದರ ಗುಣವನ್ನು ಹೇಳುವ ಕಸುಬುದಾರನ ಜ್ಞಾನವೂ ಒಂದು ಪರೀಕ್ಷಾವಿಧಾನವೇ ಸರಿ. ಅದು ಬರಹಕ್ಕಿಳಿಯದೆ ಆ ನಾಲಿಗೆಯೊಡನೆಯೇ ಅಳಿದರೆ, ಮುಂದೆ ಯಾವ ಹಸ್ತಪ್ರತಿಯನ್ನು ಶೋಧಿಸಿದರೂ ಮರಳಿ ಬಾರದು. ಅರಬ್ಬಿಯನ್ನು ಬಲ್ಲವರು, ರಸಾಯನವನ್ನು ಬಲ್ಲವರು, ಬೀದರಿನ ಕಸುಬುದಾರರು ಒಂದೆಡೆ ಕುಳಿತು ಈ ವಿದ್ಯೆಯನ್ನು ಕನ್ನಡದಲ್ಲಿ ಬರೆದಿಡುವುದು ಕರ್ತವ್ಯ. ಅಲ್‌ಬೀರೂನಿಯ ಗ್ರಂಥಕ್ಕೆ ಕನ್ನಡನಾಡು ಸಲ್ಲಿಸಬಹುದಾದ ವ್ಯಾಖ್ಯಾನಗಳಲ್ಲಿ ಅದೇ ಶ್ರೇಷ್ಠವಾದುದು.