ಹುಡುಕಲು ಊರೆಲ್ಲ, ಓದಲು ಯಾರು?

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ಅದರಲ್ಲಿ ಪ್ರತಿ ಶಾಸನದ ನೆತ್ತಿಯ ಮೇಲೂ ಕಲ್ಲಿನ ವಿಳಾಸ ಇದೆ. ಇಂಥ ಗ್ರಾಮ, ದೇವಸ್ಥಾನದ ಮುಂದೆ ಅಥವಾ ಕೆರೆಯ ಹತ್ತಿರ, ಇಲ್ಲವೇ ಇಂಥವರ ಹೊಲದಲ್ಲಿ ನೆಟ್ಟ ಕಲ್ಲು, ಉದ್ದ ಇಷ್ಟು ಅಡಿ, ಅಗಲ ಇಷ್ಟು. ಆ ವಿಳಾಸ ಹಿಡಿದು ಇವತ್ತು ಹೊರಟವರಿಗೆ ಹೊಲದ ಜಾಗದಲ್ಲಿ ಬಡಾವಣೆ ಎದುರಾಗುತ್ತದೆ. ಮೆಜೆಸ್ಟಿಕ್‌ನ ಬಸ್ ನಿಲ್ದಾಣವೇ ಹಿಂದೆ ಧರ್ಮಾಂಬುಧಿ ಕೆರೆಯಾಗಿದ್ದ ಊರು ಇದು. ಸಂಪುಟದ ಒಂದು ಸಾಲಿನ ವಿಳಾಸವನ್ನು ಈಗಿನ ಬೀದಿಗೆ ತಂದು ಹೊಂದಿಸಬಲ್ಲವರು ಆ ಜಾಗದಲ್ಲೇ ಹುಟ್ಟಿ ಬೆಳೆದವರು ಮಾತ್ರ. ಯಾವ ಇಲಾಖೆಯ ಕಡತದಲ್ಲೂ ಸಿಗದ ತಿಳಿವಳಿಕೆ ಅದು.

ಬೆಂಗಳೂರಿನ ಶಾಸನಗಳ ಹುಡುಕಾಟಕ್ಕೆ ಹೊರಟವರು ಇದನ್ನು ಸರಿಯಾಗಿಯೇ ಗುರುತಿಸಿದರು. ಇಂಜಿನಿಯರ್ ಪಿ.ಎಲ್. ಉದಯಕುಮಾರ್ ಮತ್ತು ಅವರ ಗೆಳೆಯರು ರೈಸ್ ಸಂಪುಟವನ್ನು ಹಿಡಿದು ಕಲ್ಲುಗಳನ್ನು ಹುಡುಕತೊಡಗಿದರು. ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿದರು, ಸಿಕ್ಕ ಕಲ್ಲುಗಳನ್ನು ಎಲ್ಲರೂ ನೋಡುವಂಥ ನಕ್ಷೆಯಲ್ಲಿ ಗುರುತು ಹಾಕಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯಂಥ ಹಳೆಯ ಸಂಸ್ಥೆ 2021ರಲ್ಲಿ ಈ ಕೆಲಸವನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆಯಾಗಿ ಕೈಗೆತ್ತಿಕೊಂಡಿತು. ಪರಂಪರೆಯ ಹೆಸರಿನಲ್ಲಿ ಭಾಷಣಗಳೇ ಹೆಚ್ಚಾಗಿರುವ ನಮ್ಮಲ್ಲಿ ಇಷ್ಟು ನೆಲಕ್ಕೆ ಹತ್ತಿರದ ಕೆಲಸ ಅಪರೂಪ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಈ ಹುಡುಕಾಟದ ದೊಡ್ಡ ಫಲ. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ‘ಬೆಂಗಳೂರ ಕಾಳಗ’ವನ್ನು ಹೇಳುವ ಬೇಗೂರಿನ ಹೆಸರಾಂತ ಶಾಸನ ಸುಮಾರು 890ರದು, ಅದಕ್ಕಿಂತಲೂ ಒಂದು ಶತಮಾನಕ್ಕೂ ಹೆಚ್ಚು ಹಳೆಯ ಅಕ್ಷರಗಳು ಮನೆಗಳ ಸಾಲಿನ ನಡುವೆ ಇದ್ದವು ಅನ್ನುವುದೇ ಬೆರಗು. ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸದೆ, ಅಲ್ಲೇ ಜನರ ಹಣದಲ್ಲಿ ಮಂಟಪ ಕಟ್ಟಿ ನಿಲ್ಲಿಸಿದರು. ಈ ತೀರ್ಮಾನ ಸ್ಕ್ಯಾನಿಂಗ್‌ಗಿಂತ ದೊಡ್ಡದು ಎಂದೇ ನನ್ನ ಎಣಿಕೆ. 1961ರ ರಾಜ್ಯ ಸ್ಮಾರಕ ಕಾಯ್ದೆ ಇದೆ, ನಿಜ. ಆದರೆ ಹೊಲದಂಚಿನ ವೀರಗಲ್ಲುಗಳಲ್ಲಿ ಸಂರಕ್ಷಿತ ಪಟ್ಟಿ ಸೇರಿದವು ಬೆರಳೆಣಿಕೆಯಷ್ಟು. ಉಳಿದವು ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಮುಚ್ಚಳವಾಗಿ, ನಿಧಿ ಹುಡುಕುವವರ ಹಾರೆಗೆ ಸಿಕ್ಕಿ ಹೋಗುತ್ತವೆ. ಜೆಸಿಬಿ ಬಂದಾಗ ಓಡಿ ಬಂದು ಅಡ್ಡ ನಿಲ್ಲುವವರು ಪಕ್ಕದ ಬೀದಿಯವರೇ. ಜನರ ಪಾಲ್ಗೊಳ್ಳುವಿಕೆ ಎಂದರೆ ಪುಕ್ಕಟೆ ಕೂಲಿ ಎಂದುಕೊಳ್ಳುವ ಯೋಜನೆಗಳಿಗೆ ಈ ಕಾವಲು ದಕ್ಕುವುದಿಲ್ಲ.

ಇನ್ನು ಓದಿನ ವಿಷಯ. ಹಳೆಯ ಕ್ರಮದಲ್ಲಿ ಶಾಸನದ ಪಡಿಯಚ್ಚು ತೆಗೆಯುತ್ತಿದ್ದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರದ ಗುಳಿಗೆ ಕಾಗದ ಇಳಿಯುವ ಹಾಗೆ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಹಚ್ಚಿದರೆ ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಅಚ್ಚಿನಲ್ಲಿ ಕಲ್ಲಿನ ಬಿರುಕೂ ಬಿಳಿ, ಅಕ್ಷರದ ಗೆರೆಯೂ ಬಿಳಿ. ಸ್ಕ್ಯಾನ್‌ನಲ್ಲಿ ಹಾಗಲ್ಲ, ಪರದೆಯ ಮೇಲೆ ಬೆಳಕನ್ನು ಎಡಕ್ಕೆ, ಬಲಕ್ಕೆ, ಓರೆಯಾಗಿ ಹಾಯಿಸಿ ನೋಡಬಹುದು. ಉಳಿ ಇಳಿದ ಗೆರೆಯ ಆಳ ಬೇರೆ, ಮಳೆ ಕೊರೆದ ಗೆರೆಯ ಆಳ ಬೇರೆ ಎಂದು ಕಣ್ಣಿಗೇ ತಿಳಿಯುತ್ತದೆ. ಸವೆದು ಹೋಯಿತೆಂದು ಕೈಬಿಟ್ಟ ಸಾಲುಗಳು ಮತ್ತೆ ಓದಿಗೆ ಸಿಗುವುದು ಹೀಗೆ.

ಕಂಡದ್ದೆಲ್ಲ ಓದಾಗುವುದಿಲ್ಲ. ಹಳೆಯ ಲಿಪಿಯಲ್ಲಿ ‘ಪ’ ಮತ್ತು ‘ವ’ ಅಕ್ಕತಂಗಿಯರ ಹಾಗಿರುತ್ತವೆ. ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳನ್ನು ಬರಹದಲ್ಲಿ ಬೇರೆ ಮಾಡುತ್ತಿರಲಿಲ್ಲ. ಹಳಗನ್ನಡದ ವ್ಯಾಕರಣ, ಆ ಸೀಮೆಯ ಊರು ಹೆಸರುಗಳು, ದತ್ತಿಯ ಪರಿಭಾಷೆ ಗೊತ್ತಿದ್ದವರು ಮಾತ್ರ ಇಲ್ಲಿ ತೀರ್ಪು ಕೊಡಬಲ್ಲರು. ಹತ್ತು ಜನ ‘ವ’ ಎಂದರು ಎಂಬ ಕಾರಣಕ್ಕೆ ಅದು ‘ವ’ ಆಗದು. ಹುಡುಕಾಟಕ್ಕೆ ನೂರಾರು ಕೈಗಳನ್ನು ಕೂಡಿಸಿದ ನಮ್ಮ ಶಾಸನಾಸಕ್ತಿ ಓದುವವರನ್ನು ತಯಾರು ಮಾಡುವುದರಲ್ಲಿ ಹಿಂದೆ ಬಿದ್ದಿದೆ. ಹೊಸ ಶಾಸನ ಸಿಕ್ಕಿದ ಸುದ್ದಿ ಪತ್ರಿಕೆಯಲ್ಲಿ ಬರುವಷ್ಟು ಬೇಗ, ಹಳೆಯ ಪಾಠದಲ್ಲಿ ತಿದ್ದುಪಡಿ ಆದ ಸುದ್ದಿ ಬರುವುದಿಲ್ಲ.

ಈ ವಿಷಯದಲ್ಲಿ ಕನ್ನಡ ವಿಕಿಸೋರ್ಸ್‌ನಿಂದ ಕಲಿಯುವುದಿದೆ. ಅಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟ ಒಂದು ಕಡೆ, ಬೆರಳಚ್ಚಿನ ಪಠ್ಯ ಇನ್ನೊಂದು ಕಡೆ. ಯಂತ್ರ ಓದಿದ ಪಠ್ಯದಲ್ಲಿ ಅನುಸ್ವಾರ ಸೊನ್ನೆಯಾಗಿರುತ್ತದೆ, ಅರ್ಕಾವೊತ್ತು ಒಂಬತ್ತಾಗಿರುತ್ತದೆ. ‘ಧರ್ಮ’ ‘ಧಮ೯’ ಆಗಿ ಕೂತಿರುತ್ತದೆ. ಒಬ್ಬರು ತಿದ್ದಿದರೆ ಪುಟ ಹಳದಿ. ಬೇರೊಬ್ಬರು ಮತ್ತೆ ನೋಡಿ ಒಪ್ಪಿದರೆ ಮಾತ್ರ ಹಸಿರು. ತಿದ್ದಿದವರೇ ಹಸಿರು ಮಾಡುವಂತಿಲ್ಲ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ವ್ಯವಸ್ಥೆ ಚೊಕ್ಕ, ಜನ ಸಾಲದು. ಎರಡನೆಯ ಓದುಗ ಸಿಗದೆ ಹಳದಿಯಲ್ಲೇ ನಿಂತ ಪುಟಗಳು ಅಲ್ಲಿ ಬೇಕಾದಷ್ಟಿವೆ. ಸ್ಪರ್ಧೆ ಇಟ್ಟಾಗ ಬರುವ ಉತ್ಸಾಹ ಸ್ಪರ್ಧೆ ಮುಗಿದ ಮೇಲೆ ಇರುವುದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಲ್ಲಿ ಹಳೆಯ ಪತ್ರಿಕೆಗಳ ಪಠ್ಯವನ್ನು ತಿದ್ದಲು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅಲ್ಲಿನ ಓದುಗರು ತಮ್ಮ ಊರಿನ, ತಮ್ಮ ಮನೆತನದ ಸುದ್ದಿ ಹುಡುಕುತ್ತಾ ಬಂದು, ತಿದ್ದುತ್ತಾ ಉಳಿದುಕೊಂಡರು. ಸ್ವಂತದ ಸೆಳೆತ ಇಲ್ಲದೆ ಈ ಕೆಲಸ ಬಾಳುವುದಿಲ್ಲ.

ಆ ಸೆಳೆತ ಕಲ್ಲಿನ ಹತ್ತಿರ ಧಾರಾಳವಾಗಿದೆ. ಶಾಸನತಜ್ಞರಿಗೆ ಅದು ಮಾಸ್ತಿಕಲ್ಲು. ಎದುರು ಮನೆಯ ಅಜ್ಜಿಗೆ ಮಾಸ್ತಮ್ಮ. ಯಾವ ಹಬ್ಬಕ್ಕೆ ಎಡೆ ಇಡುತ್ತಾರೆ, ಯಾವ ಮನೆತನದವರು ಮೊದಲು ಪೂಜೆ ಮಾಡುತ್ತಾರೆ, ರಸ್ತೆ ಅಗಲ ಮಾಡಿದಾಗ ಕಲ್ಲನ್ನು ಎಲ್ಲಿಂದ ಎಲ್ಲಿಗೆ ಸರಿಸಿದರು ಎಂದೆಲ್ಲ ಆಕೆಗೆ ಗೊತ್ತು. ರೈಸ್ ಸಂಪುಟದ ನಮೂನೆಯಲ್ಲಿ ಇದಕ್ಕೆ ಅಂಕಣ ಇರಲಿಲ್ಲ. ಅವರ ಗುರಿ ಬೇರೆ ಇತ್ತು. ನೂರು ವರ್ಷದ ಮೇಲೂ ನಾವು ಅದೇ ನಮೂನೆಯನ್ನು ತುಂಬುತ್ತಾ, ಅಳತೆ, ಕಾಲ, ಪಾಠಕ್ಕೆ ಅಕ್ಷಾಂಶ ರೇಖಾಂಶ ಸೇರಿಸಿ ಆಧುನಿಕರಾದೆವು ಎಂದುಕೊಂಡರೆ ಜನರಿಂದ ಪಡೆದದ್ದು ಸುಳಿವು ಮಾತ್ರ ಎಂದಾಗುತ್ತದೆ. ಸುಳಿವು ಕೊಟ್ಟವರ ಹೆಸರು, ಅವರು ಹೇಳಿದ ಮಾತು ಅವರ ಒಪ್ಪಿಗೆಯೊಂದಿಗೆ ದಾಖಲೆಯಲ್ಲಿ ಕೂರಬೇಕು. ಪಾಠ ಒಪ್ಪದವರು ತಮ್ಮ ಓದನ್ನು ಕಾರಣ ಸಹಿತ ಪಕ್ಕದಲ್ಲಿ ಬರೆಯಲು ಜಾಗ ಇರಬೇಕು. ಆ ಎರಡನೇ ಅಂಕಣ ವಿದ್ವಾಂಸರ ಕೈಯಲ್ಲಿರಲಿ, ಅಡ್ಡಿಯಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ ಬರಹ ಇರುವ ಕಲ್ಲು ಕಂಡರೆ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬಬೇಡಿ, ಎಣ್ಣೆ ಬಣ್ಣ ಬಳಿಯಲು ಬಿಡಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಚಿತ್ರ ತೆಗೆಯಿರಿ. ಶಾಸನ ಹುಡುಕುವವರಿಗೆ ಅದನ್ನು ಕಳಿಸುವ ಮೊದಲು ಅಕ್ಕಪಕ್ಕದ ಹಿರಿಯರನ್ನು ಆ ಕಲ್ಲಿಗೆ ಏನೆಂದು ಕರೆಯುತ್ತಾರೆ, ಮೊದಲು ಎಲ್ಲಿತ್ತು ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದು ಚಿತ್ರದ ಜೊತೆ ಸೇರಿಸಿ.