ನಂಬಿಕೆ, ನೇಮನಿಷ್ಠೆ, ಕ್ರಿಯೆ: ರಕ್ಷಣೆಯ ಪ್ರಶ್ನೆ ಮತ್ತು ಕನ್ನಡ ಬೈಬಲಿನ ಪದಗಳು (ಕರ್ಕಿ ಪರಿಸರದ ಹಿನ್ನೆಲೆಯಲ್ಲಿ)

ಕ್ರೈಸ್ತ ಮಿಷನರಿಗಳ ಕನ್ನಡ ಸೇವೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಸಂಶೋಧನೆಯ ಪ್ರಮಾಣ ಸಣ್ಣದಲ್ಲ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’, ಮೋಗ್ಲಿಂಗರ ‘ಬಿಬ್ಲಿಯೊಥಿಕಾ ಕರ್ನಾಟಿಕಾ’, ಕಿಟೆಲ್ಲರ 1894ರ ನಿಘಂಟು ಇವುಗಳ ಬಗೆಗೆ ಪುಟಗಟ್ಟಲೆ ಬರವಣಿಗೆ ಸಿಗುತ್ತದೆ. ಆದರೆ ಈ ವಿದ್ವಾಂಸರು ಸಮುದ್ರ ದಾಟಿ ಬಂದದ್ದು ನಿಘಂಟು ರಚಿಸುವುದಕ್ಕಲ್ಲ. ಅವರನ್ನು ಇಲ್ಲಿಗೆ ಕರೆತಂದ ನಂಬಿಕೆ ಯಾವುದು, ಆ ನಂಬಿಕೆಯನ್ನು ಕನ್ನಡದಲ್ಲಿ ಹೇಳಹೊರಟಾಗ ಕನ್ನಡ ಅದಕ್ಕೆ ಏನು ಮಾಡಿತು ಎಂಬ ಪ್ರಶ್ನೆಯನ್ನು ವಿಮರ್ಶೆ ಬಹುಮಟ್ಟಿಗೆ ಬದಿಗಿರಿಸಿದೆ. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದಲೇ ಹೊರತು ಕ್ರಿಯೆಯಿಂದಲ್ಲವೆಂದು ಸಾರಲು ಬಂದವರನ್ನು ಕನ್ನಡ ಸಂಶೋಧನೆ ಕೇವಲ ಅವರ ಕ್ರಿಯೆಗಳಿಂದ ನೀತಿವಂತರೆಂದು ನಿರ್ಣಯಿಸಿಬಿಟ್ಟಿದೆ.

ಪ್ರಶ್ನೆ ಹಳೆಯದು. ಗಲಾತ್ಯದವರಿಗೂ ರೋಮಾಪುರದವರಿಗೂ ಪತ್ರ ಬರೆದ ಪೌಲನು ದೇವರ ಮುಂದೆ ಮನುಷ್ಯನು ನಿರಪರಾಧಿಯೆನಿಸುವುದು ನಂಬಿಕೆಯ ಮೂಲಕ ಎಂದು ವಾದಿಸುತ್ತಾನೆ. ಯಾಕೋಬನ ಪತ್ರವು ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲವೆನ್ನುತ್ತದೆ. ಇಬ್ಬರೂ ಎತ್ತಿಕೊಳ್ಳುವ ದೃಷ್ಟಾಂತ ಒಂದೇ, ಅಬ್ರಹಾಮ. ಇಬ್ಬರೂ ಬಳಸುವ ಗ್ರೀಕ್ ಪದವೂ ಒಂದೇ, ‘ಎರ್ಗೋನ್’, ಅಂದರೆ ಕೆಲಸ. ಪದ ಒಂದೇ ಆದುದರಿಂದಲೇ ವಿರೋಧ ಕಣ್ಣಿಗೆ ಹೊಡೆಯುತ್ತದೆ. ಮಾರ್ಟಿನ್ ಲೂಥರನು 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದ ವಾಕ್ಯವೊಂದಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಪದವನ್ನು ಸೇರಿಸಿ ‘ನಂಬಿಕೆಯಿಂದ ಮಾತ್ರ’ ಎಂದು ಓದಿಸಿದನು. ಅದೇ ಆವೃತ್ತಿಯ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದನು. ಆಕ್ಷೇಪಗಳೆದ್ದಾಗ, ಅದು ಜರ್ಮನ್ ಭಾಷೆಯ ಜಾಯಮಾನಕ್ಕೆ ಬೇಕಾದ ಪದವೆಂದು 1530ರಲ್ಲಿ ಸಮರ್ಥಿಸಿಕೊಂಡನು. ಕೆಥೋಲಿಕ ಸಭೆಯು ಟ್ರೆಂಟ್ ಮಹಾಸಭೆಯ 1547ರ ನಿರ್ಣಯದಲ್ಲಿ, ಕೃಪೆಯೇ ಮೊದಲಾದರೂ ಮನುಷ್ಯನು ಅದರೊಡನೆ ಸಹಕರಿಸಬೇಕು, ಸತ್ಕಾರ್ಯಗಳಿಂದ ಆ ನೀತಿಯಲ್ಲಿ ಬೆಳೆಯಬೇಕು ಎಂದಿತು. ಈ ಭೇದದ ತೀವ್ರತೆಯನ್ನು ಇಳಿಸುವ ಜಂಟಿ ಘೋಷಣೆಗೆ ಲೂಥರನ್ ಮತ್ತು ಕೆಥೋಲಿಕ ಪ್ರತಿನಿಧಿಗಳು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಸಹಿ ಮಾಡಿದ್ದು 1999ರ ಅಕ್ಟೋಬರ್ 31ರಂದು. ನಡುವೆ ಕಳೆದದ್ದು ನಾಲ್ಕೂವರೆ ಶತಮಾನ.

ಯುರೋಪನ್ನು ಒಡೆದ ಈ ವಾದ ಕನ್ನಡದಲ್ಲಿ ಅಷ್ಟು ಚೂಪಾಗಿ ಕಾಣದಿರುವುದಕ್ಕೆ ಒಂದು ಕಾರಣ ಭಾಷಾಂತರದಲ್ಲಿಯೇ ಇದೆ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರ ಪ್ರಯತ್ನದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲು ಮುಂದೆ ಹಲವು ಪರಿಷ್ಕರಣೆಗಳನ್ನು ಕಂಡಿತು. ಬಾಸೆಲ್ ಮಿಷನ್ನಿನ ವೈಗ್ಲೆಯವರೂ ಆ ಕಾರ್ಯದಲ್ಲಿ ತೊಡಗಿದ್ದರು. ಈ ಪರಂಪರೆಯಿಂದ ಬಂದು ಇಂದು ‘ಹಳೆಯ ಭಾಷಾಂತರ’ವೆಂದು ಕರೆಯಲ್ಪಡುವ ಪಾಠವನ್ನು ಗಮನಿಸಿದರೆ, ಗ್ರೀಕಿನ ಆ ಒಂದು ಪದ ಕನ್ನಡದಲ್ಲಿ ಮೂರಾಗಿರುವುದು ಕಾಣುತ್ತದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ನಿರಾಕರಿಸುವುದು ‘ನೇಮನಿಷ್ಠೆ’ಗಳನ್ನು. ಎಫೆಸದವರಿಗೆ ಬರೆದ ಪತ್ರದಲ್ಲಿ ರಕ್ಷಣೆಗೆ ಕಾರಣವಲ್ಲವೆಂದು ಹೇಳುವುದು ‘ಪುಣ್ಯಕ್ರಿಯೆ’ಗಳನ್ನು. ಯಾಕೋಬನು ಬೇಕೇ ಬೇಕೆಂದು ಒತ್ತಾಯಿಸುವುದು ಬರಿಯ ‘ಕ್ರಿಯೆ’ಗಳನ್ನು. ಕನ್ನಡ ಓದುಗನ ಮಟ್ಟಿಗೆ ಇವು ಮೂರು ಬೇರೆ ಬೇರೆ ವಸ್ತುಗಳು. ವ್ರತ ನಿಯಮಗಳಿಂದ ಮೋಕ್ಷವಿಲ್ಲ, ಪುಣ್ಯ ಕೂಡಿಹಾಕುವುದರಿಂದಲೂ ಇಲ್ಲ, ಆದರೆ ನಡತೆಯಿಲ್ಲದ ನಂಬಿಕೆ ವ್ಯರ್ಥ ಎಂಬಷ್ಟೇ ಅರ್ಥ ಹೊರಡುತ್ತದೆ. ಇದರಲ್ಲಿ ಯಾರೂ ಜಗಳವಾಡುವಂಥದು ಏನಿದೆ? ಲೂಥರನನ್ನು ನಿದ್ದೆಗೆಡಿಸಿದ ವಿರೋಧಾಭಾಸವನ್ನು ಭಾಷಾಂತರಕಾರರು ಪದಕೋಶದ ಮಟ್ಟದಲ್ಲಿಯೇ ಬಗೆಹರಿಸಿ ಓದುಗನ ಕೈಗಿತ್ತಿದ್ದಾರೆ.

ಇನ್ನೊಂದು ಸೂಕ್ಷ್ಮವೂ ಉಂಟು. ಲೂಥರನು ಒಂದು ಇಡೀ ಪದವನ್ನು ಸೇರಿಸಿ ಅಪವಾದಕ್ಕೆ ಗುರಿಯಾದನಷ್ಟೆ. ಕನ್ನಡದಲ್ಲಿ ಅದೇ ಕೆಲಸವನ್ನು ‘ನಂಬಿಕೆಯಿಂದಲೇ’ ಎಂಬಲ್ಲಿಯ ಅವಧಾರಣೆಯ ಏಕಾರ ಸದ್ದಿಲ್ಲದೆ ಮಾಡಿದೆ. ಕನ್ನಡ ವಾಕ್ಯದ ಸಹಜ ಒತ್ತಿನೊಳಗೆ ಅದು ಸೇರಿಹೋಗಿರುವುದರಿಂದ ಅದೊಂದು ಮತತತ್ತ್ವದ ನಿಲುವೆಂದು ಯಾರ ಗಮನಕ್ಕೂ ಬರುವುದಿಲ್ಲ. ಭಾಷೆಯ ಜಾಯಮಾನವೆಂಬ ಲೂಥರನ ಸಮರ್ಥನೆ ಜರ್ಮನಿಗಿಂತ ಕನ್ನಡಕ್ಕೇ ಚೆನ್ನಾಗಿ ಒಪ್ಪುತ್ತದೆ ಎನ್ನಬೇಕು.

ಈ ಪದಗಳ ಭಾರವನ್ನು ತೂಗಲು ಹೊನ್ನಾವರ ತಾಲ್ಲೂಕಿನ ಕರ್ಕಿಯಂಥ ಊರಿನ ಪರಿಸರ ಸಹಾಯಕವಾಗಿದೆ. ಹೊನ್ನಾವರದಿಂದ ಕುಮಟೆಯತ್ತ ಹೋಗುವ ದಾರಿಯಲ್ಲಿರುವ ಈ ಊರು ಹಾಸ್ಯಗಾರ ಮನೆತನದ ಯಕ್ಷಗಾನಕ್ಕೂ ದೈವಜ್ಞ ಬ್ರಾಹ್ಮಣ ಸಮಾಜದ ಜ್ಞಾನೇಶ್ವರೀ ಪೀಠಕ್ಕೂ ಹೆಸರಾದದ್ದು. ಸುತ್ತಣ ಕರಾವಳಿಯಲ್ಲಿ ಕೊಂಕಣಿ ಮಾತನಾಡುವ ಕೆಥೋಲಿಕರ ನೆಲೆ ಹಳೆಯದು. ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದದ್ದು 1569ರಲ್ಲಿ. 1680ರ ದಶಕದ ಆರಂಭದಲ್ಲಿ ಕೆನರಾದಲ್ಲಿ ದುಡಿದ ಗೋವೆಯ ಪಾದ್ರಿ ಜೋಸೆಫ್ ವಾಜ್ 2015ರಲ್ಲಿ ಸಂತರೆಂದು ಘೋಷಿತರಾದರು. ಕಾರವಾರ ಧರ್ಮಪ್ರಾಂತ್ಯ ಬೆಳಗಾವಿಯಿಂದ ಬೇರ್ಪಟ್ಟದ್ದು 1976ರಲ್ಲಿ. ಹೀಗೆ ರಕ್ಷಣೆ, ಮೋಕ್ಷಗಳನ್ನು ಹೇಳುವ ಹಲವು ಶಬ್ದಪರಂಪರೆಗಳು ಕೆಲವೇ ಹರದಾರಿಯೊಳಗೆ ಒಂದರ ಪಕ್ಕದಲ್ಲೊಂದು ಬಾಳಿವೆ.

ಇಂಥ ಪರಿಸರದಲ್ಲಿ ‘ನೇಮನಿಷ್ಠೆ’ ಎಂಬ ಪದ ಯಹೂದ್ಯರ ಸುನ್ನತಿಯನ್ನಾಗಲಿ ಸಬ್ಬತ್ತನ್ನಾಗಲಿ ಮೊದಲು ನೆನಪಿಗೆ ತರುವುದಿಲ್ಲ. ಮಡಿ, ಏಕಾದಶಿ, ಸಂಧ್ಯಾವಂದನೆಗಳೇ ಕಣ್ಮುಂದೆ ನಿಲ್ಲುತ್ತವೆ. ಪೌಲನು ತನ್ನ ಸ್ವಂತ ಪರಂಪರೆಯೊಡನೆ ಒಳಗಿನಿಂದ ನಡೆಸಿದ ವಾದ ಕನ್ನಡದಲ್ಲಿ ನೆರೆಮನೆಯ ಆಚಾರದ ಮೇಲಿನ ವಾದವಾಗಿ ಕೇಳಿಸುವ ಸಾಧ್ಯತೆ ಇದರಿಂದ ಒದಗಿತು. ಭಾಷಾಂತರಕಾರರ ಉದ್ದೇಶ ಅದಾಗಿತ್ತೆಂದು ಹೇಳಲು ಪದವೊಂದೇ ಸಾಕ್ಷಿಯಾಗಲಾರದು. ಪರಿಣಾಮ ಮಾತ್ರ ಸ್ಪಷ್ಟವಾಗಿದೆ. ಇನ್ನೊಂದು ಕಡೆಯಿಂದ ನೋಡಿದರೆ ಇದೇ ಪದ ಆಶ್ಚರ್ಯಕರವಾಗಿ ಆಧುನಿಕವೂ ಆಗಿದೆ. ಇ. ಪಿ. ಸ್ಯಾಂಡರ್ಸರ 1977ರ ಗ್ರಂಥ ಮತ್ತು ಅದನ್ನು ಹಿಂಬಾಲಿಸಿದ ಜೇಮ್ಸ್ ಡನ್ನರ ಬರಹಗಳ ಬಳಿಕ ಪಾಶ್ಚಾತ್ಯ ಪಂಡಿತರಲ್ಲಿ ಪೌಲನ ಹೊಸ ಓದೊಂದು ಬೆಳೆಯಿತು. ಪೌಲನು ಅಲ್ಲಗಳೆದದ್ದು ಒಳ್ಳೆಯ ಕೆಲಸಗಳನ್ನಲ್ಲ, ಒಂದು ಜನಾಂಗವನ್ನು ಇತರರಿಂದ ಬೇರ್ಪಡಿಸುವ ಆಚರಣೆಗಳನ್ನು ಎಂಬುದು ಡನ್ನರ ವಾದದ ತಿರುಳು. ‘ನೇಮನಿಷ್ಠೆ’ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಪಶ್ಚಿಮದವರು ದೊಡ್ಡ ಗ್ರಂಥಗಳಲ್ಲಿ ಸಾಧಿಸಬೇಕಾದದ್ದನ್ನು ಕನ್ನಡದ ಒಂದು ಸಮಸ್ತಪದ ಅವರಿಗಿಂತ ಮೊದಲೇ ಸೂಚಿಸಿತ್ತು.

‘ಕರ್ಮ’ವೆಂಬ ಸಿದ್ಧಪದ ಕೈಯಳತೆಯಲ್ಲಿದ್ದರೂ ಈ ಮುಖ್ಯ ಸ್ಥಳಗಳಲ್ಲಿ ಅದನ್ನು ಬಳಸದಿರುವುದು ವಿವೇಕದ ನಿರ್ಧಾರ. ಬಳಸಿದ್ದರೆ ಪೌಲನು ಅದ್ವೈತಿಯಂತೆ ಕೇಳಿಸುತ್ತಿದ್ದನು. ಮೋಕ್ಷವು ಉತ್ಪಾದ್ಯವಲ್ಲ, ಆದಕಾರಣ ಕರ್ಮದಿಂದ ಸಾಧ್ಯವಲ್ಲ, ಕರ್ಮದಿಂದಾಗುವುದು ಚಿತ್ತಶುದ್ಧಿ ಮಾತ್ರ ಎಂಬುದು ಶಂಕರರ ಪ್ರಸಿದ್ಧ ವಾದ. ಜ್ಞಾನದ ಹೆಸರನ್ನೇ ಹೊತ್ತ ಪೀಠವಿರುವ ಊರಿನಲ್ಲಿ ‘ಕರ್ಮದಿಂದ ರಕ್ಷಣೆಯಿಲ್ಲ’ವೆಂಬ ವಾಕ್ಯಕ್ಕೆ ತಲೆದೂಗುವವರು ಅನೇಕರಿದ್ದಾರು. ಆದರೆ ಕರ್ಮದ ಸ್ಥಾನಕ್ಕೆ ಅವರು ತರುವುದು ಜ್ಞಾನವನ್ನು, ಪೌಲನು ತರುವುದು ನಂಬಿಕೆಯನ್ನು. ನಿರಾಕರಣೆಯಲ್ಲಿ ಹೋಲಿಕೆಯಿದ್ದ ಮಾತ್ರಕ್ಕೆ ಸಿದ್ಧಾಂತ ಒಂದೇ ಎನ್ನಲಾಗದು. ಇನ್ನು ಆಡುಮಾತಿನಲ್ಲಿ ‘ಅವನ ಕರ್ಮ’ವೆಂದರೆ ಹಣೆಬರಹ, ಮನುಷ್ಯನ ಕೈಯಲ್ಲಿಲ್ಲದ್ದು. ಯಾಕೋಬನು ಕೇಳುವುದು ಕೈಯಲ್ಲಿರುವುದನ್ನು. ‘ಕ್ರಿಯೆ’ಗೂ ಕರಾವಳಿಯಲ್ಲಿ ಉತ್ತರಕ್ರಿಯೆಯ ನೆರಳು ಇದ್ದೇ ಇದೆ. ಸತ್ತವರಿಗಾಗಿ ಬದುಕಿರುವವರು ಮಾಡುವುದರಿಂದ ಫಲವುಂಟೇ ಎಂಬುದಂತೂ ಈ ಇಡೀ ವಾದದ ಹೊಸ್ತಿಲಲ್ಲಿಯೇ ಇದ್ದ ಪ್ರಶ್ನೆ. 1517ರಲ್ಲಿ ಲೂಥರನು ಎತ್ತಿದ ಆಕ್ಷೇಪ ಆರಂಭವಾದದ್ದು ಪಾಪದಂಡನೆಯ ವಿನಾಯಿತಿ ಪತ್ರಗಳಿಂದ. ನವೆಂಬರ್ 2ರಂದು ಸಮಾಧಿಗಳ ಬಳಿ ಪ್ರಾರ್ಥಿಸುವ ಕೆಥೋಲಿಕರ ಆಚರಣೆ ನೆರೆಯ ಹಿಂದೂ ಮನೆಯವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಪ್ರಾಟೆಸ್ಟಂಟರಿಗೆ ಅದನ್ನು ಒಪ್ಪುವುದು ಕಷ್ಟ.

‘ನಂಬಿಕೆ’ಯ ಕಡೆಯ ಪದಸಂಪತ್ತು ಇನ್ನೂ ಸ್ವಾರಸ್ಯಕರವಾಗಿದೆ. ಈ ಕರಾವಳಿಯ ಕೆಥೋಲಿಕರ ಪ್ರಾರ್ಥನೆಯ ಭಾಷೆಯಾದ ಕೊಂಕಣಿಯಲ್ಲಿ ವಿಶ್ವಾಸಕ್ಕೆ ‘ಭಾವಾರ್ಥ್’, ಕೃಪೆಗೆ ‘ಕುರ್ಪಾ’, ರಕ್ಷಣೆಗೆ ‘ಸೊಡ್ವಣ್’ ಎಂಬ ಮಾತುಗಳಿವೆ. ಕನ್ನಡದಲ್ಲಿ ಭಾವಾರ್ಥವೆಂದರೆ ಪದ್ಯದ ತಾತ್ಪರ್ಯ. ಕೊಂಕಣಿಯಲ್ಲಿ ಅದೇ ಶಬ್ದ ಅಂತಃಕರಣದ ಶ್ರದ್ಧೆ. 1616ರಲ್ಲಿ ಗೋವೆಯಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ದ ಕಾಲದಿಂದ ಬೆಳೆದು ಬಂದ ಈ ಮತೀಯ ಶಬ್ದಕೋಶವನ್ನು ಹಳೆಯ ಭಾಷಾಂತರದ ಕನ್ನಡದೊಡನೆ ಎದುರುಬದುರು ಇಟ್ಟು ನೋಡುವ ಕೆಲಸ ನಡೆದದ್ದು ಕಡಮೆ. ಆ ಪುರಾಣವನ್ನು ಜೋಸೆಫ್ ಸಲ್ಡಾನಾ ಅವರು 1907ರಲ್ಲಿ ಸಂಪಾದಿಸಿ ಹೊರತಂದದ್ದು ಮಂಗಳೂರಿನಿಂದಲೇ ಎಂಬುದನ್ನು ನೆನೆದರೆ, ಈ ಉದಾಸೀನಕ್ಕೆ ದೂರದ ಕಾರಣ ಹೇಳುವಂತಿಲ್ಲ.

ಕೆಥೋಲಿಕರೂ ಒಪ್ಪಿ ಬಳಸುವ ಈಚಿನ ಸರಳಗನ್ನಡ ಭಾಷಾಂತರದಲ್ಲಿ ‘ನಂಬಿಕೆ’ಯ ಬದಲು ‘ವಿಶ್ವಾಸ’ ಬಂದಿದೆ; ‘ನೀತಿವಂತನೆಂದು ನಿರ್ಣಯ’ವಾಗುವುದರ ಬದಲು ದೇವರೊಡನೆ ‘ಸತ್ಸಂಬಂಧ’ ಎಂಬ ಮಾತಿದೆ. ಮೊದಲನೆಯದು ನ್ಯಾಯಾಲಯದ ಭಾಷೆ. ಅಪರಾಧಿ ನಿಂತಿದ್ದಾನೆ, ತೀರ್ಪು ಅವನ ಪರವಾಗಿ ಬರುತ್ತದೆ, ತೀರ್ಪಿಗೆ ಅವನ ಕೊಡುಗೆಯೇನೂ ಇಲ್ಲ. ಎರಡನೆಯದು ಮನೆತನದ ಭಾಷೆ. ಸಂಬಂಧವೆಂಬುದು ಒಮ್ಮೆ ಘೋಷಿಸಿ ಮುಗಿಯುವುದಲ್ಲ, ಹೋಗಿಬಂದು ಉಳಿಸಿಕೊಳ್ಳಬೇಕಾದದ್ದು. ‘ಪ್ರೀತಿ ವಿಶ್ವಾಸ’ವೆಂಬ ಜೋಡುನುಡಿಯ ಸ್ನೇಹಾರ್ಥವೂ ಅದಕ್ಕೆ ಒತ್ತಾಸೆಯಾಗುತ್ತದೆ. ಟ್ರೆಂಟಿನ ನಿರ್ಣಯಕ್ಕೂ ಲೂಥರನ ನಿಲುವಿಗೂ ಇರುವ ಅಂತರದಲ್ಲಿ ಬಹುಭಾಗ ಈ ಎರಡು ಕನ್ನಡ ಮಾತುಗಳ ಅಂತರದಲ್ಲಿ ಅಡಗಿದೆ. ಓದಲು ಸುಲಭವಾಗಲೆಂದು ಮಾಡಿದ ಬದಲಾವಣೆಯೆಂದಷ್ಟೇ ಇದನ್ನು ನೋಡುವುದು ಸಾಲದು.

ಇವೆರಡಕ್ಕೂ ಹೊರಗೆ ನಿಲ್ಲುವ ಮೂರನೆಯ ಮಾತು ‘ಹರಕೆ’. ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಬರುತ್ತಾರೆ. ಹರಕೆ ಹೊತ್ತವನು ಮೊದಲು ನಂಬುತ್ತಾನೆ, ಕೋರಿದ್ದು ಈಡೇರಿದ ಮೇಲೆ ಸಲ್ಲಿಸುತ್ತಾನೆ. ಕ್ರಿಯೆ ಇಲ್ಲಿ ನಂಬಿಕೆಯ ಹಿಂದೆಯೇ ಬರುತ್ತದೆ, ಆದರೆ ಸಾಲ ತೀರಿಸುವ ರೂಪದಲ್ಲಿ. ಸುಧಾರಕರು ಅಂಜಿದ್ದು ದೇವರೊಡನೆ ಲೆಕ್ಕವಿಡುವ ಈ ಮನೋಭಾವಕ್ಕೇ. ಆದರೂ ಹರಕೆ ತೀರಿಸುವವನ ಮುಖದಲ್ಲಿರುವುದು ಕೃತಜ್ಞತೆಯೋ ವ್ಯವಹಾರವೋ ಎಂದು ಹೊರಗಿನವರು ಗೆರೆ ಕೊರೆದು ಹೇಳುವುದು ಕಠಿಣ. ಬಾಸೆಲ್ ಮಿಷನ್ನಿನ ಪಯಟಿಸ್ಟ್ ಮನೋಧರ್ಮಕ್ಕೂ ಇದೇ ಕಷ್ಟವಿತ್ತು. ನಂಬಿಕೆಯೊಂದೇ ಸಾಕೆಂಬ ಬೋಧನೆ ಒಂದೆಡೆ, ಮತಾಂತರಿತನ ದಿನಚರಿಯಲ್ಲಿ ಅದರ ಫಲವನ್ನು ಹುಡುಕುವ ಶಿಸ್ತು ಇನ್ನೊಂದೆಡೆ. ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡು ಬಂದವರಿಗೆ ಮಗ್ಗವನ್ನೂ, 1865ರಿಂದ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಒದಗಿಸಿದ ಸಂಸ್ಥೆಗೆ, ಬಂದವನು ನಂಬಿಕೆಗಾಗಿ ಬಂದನೋ ಕೆಲಸಕ್ಕಾಗಿ ಬಂದನೋ ಎಂಬ ಸಂಶಯ ತಪ್ಪಿದ್ದಲ್ಲ.

ಅಜಾಮಿಳನನ್ನೂ ಶಿಲುಬೆಯ ಮೇಲಿನ ಕಳ್ಳನನ್ನೂ ಜೊತೆಗಿರಿಸಿ ಎರಡೂ ಒಂದೇ ಎಂದುಬಿಡುವುದು ಸುಲಭ. ಮರಣಕಾಲದ ಒಂದು ಮಾತು ಇಬ್ಬರ ಬದುಕಿನ ಲೆಕ್ಕವನ್ನೂ ಅಳಿಸಿತೆಂಬುದು ನಿಜ. ಆದರೆ ಅಜಾಮಿಳನು ಕೂಗಿದ್ದು ನಾರಾಯಣನೆಂಬ ಹೆಸರಿನ ಮಗನನ್ನು. ಉದ್ಧರಿಸಿದ್ದು ನಾಮದ ಶಕ್ತಿ. ಕಳ್ಳನಾದರೋ ಪಕ್ಕದಲ್ಲಿದ್ದ ವ್ಯಕ್ತಿಯನ್ನು ನೋಡಿ, ತನ್ನ ತಪ್ಪನ್ನು ಒಪ್ಪಿ, ಕೇಳಿಕೊಂಡವನು. ವ್ಯಕ್ತಿಯಲ್ಲಿಡುವ ಭರವಸೆಯೆಂಬ ಈ ಅರ್ಥಕ್ಕೆ ‘ವಿಶ್ವಾಸ’ಕ್ಕಿಂತ ‘ನಂಬಿಕೆ’ ಹತ್ತಿರದ್ದು. ನಂಬಿದವನೂ ನಂಬಿಕೆಗೆ ಅರ್ಹನಾದವನೂ ಕನ್ನಡದಲ್ಲಿ ಒಂದೇ ಧಾತುವಿನ ಮಕ್ಕಳು. ಹಳೆಯ ಭಾಷಾಂತರವು ಧಣಿಯ ಹಣವನ್ನು ದುಡಿಸಿ ಹೆಚ್ಚಿಸಿದ ಆಳನ್ನು ‘ನಂಬಿಗಸ್ತ’ನೆನ್ನುತ್ತದೆ. ತೋಟದ ಬೀಗದಕೈಯನ್ನು ಕೊಟ್ಟು ಹೋಗಬಹುದಾದವನಿಗೆ ಹಳ್ಳಿಯಲ್ಲಿ ಹೇಳುವುದೂ ‘ನಂಬಿಕೆಯ ಆಳು’ ಎಂದೇ. ಅವನು ಏನನ್ನು ನಂಬುತ್ತಾನೆಂದು ಅಲ್ಲಿ ಯಾರೂ ಕೇಳುವುದಿಲ್ಲ.